ಮಡಿಲು ಶಾಸ್ತ್ರದ ಕರೆಯೋಲೆ

ನರಸಿಂಹರಾಜಪುರ
೧೮ ಜನವರಿ ೨೦೨೬, ಭಾನುವಾರ

ಪ್ರೀತಿಯ ಶ್ರಾವ್ಯಾ,

ಅಮ್ಮನ ಆಶೀರ್ವಾದಗಳು. ನಿನ್ನ ಮೆಸೇಜಿಗೆ ಉತ್ತರ ಬರಲಿಲ್ಲವೆಂದು ನೀನು ಮುನಿಸಿಕೊಂಡಿರುವುದು ಅಪ್ಪನಿಂದ ತಿಳಿಯಿತು. ಮುನಿಸು ನನ್ನ ಮೇಲೆ, ದೂರು ಅಪ್ಪನ ಹತ್ತಿರ. ಚಿಕ್ಕಂದಿನ ಬುದ್ಧಿ ಇನ್ನೂ ಹೋಗಿಲ್ಲ ನಿನಗೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ತರಬೇತಿಗೆ ಸೇರಿದ ಮೇಲೆ ನನ್ನ ಮಾತು ಮುಗಿಯುವ ಮೊದಲೇ ಕಾಯ್ದೆಯ ಕಲಂ ಹೇಳಲು ಶುರು ಮಾಡುತ್ತೀಯ. ಕಾಗದವಾದರೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ, ಕೊನೆತನಕ ಓದಲೇಬೇಕು.

ಅಪ್ಪ ಕೊಪ್ಪದಲ್ಲಿ ಚೆನ್ನಾಗಿದ್ದಾರೆ. ಮಂಡಿನೋವಿಗೆ ಯಾರೋ ಕೊಟ್ಟ ಎಣ್ಣೆ ಹಚ್ಚಿಕೊಂಡು, ಬಸ್ಸಿಡೀ ವಾಸನೆ ಮಾಡಿಕೊಂಡು ಹೋದ ವಾರ ಇಲ್ಲಿಗೆ ಬಂದಿದ್ದರು. ನನ್ನ ಕತೆ ಎಂದಿನದೇ. ಇದ್ದ ಅಂಗನವಾಡಿಗಳು ಸಾಲದೆಂದು ಪಕ್ಕದ ವೃತ್ತವನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದರೆ ಗೃಹಲಕ್ಷ್ಮಿ ದುಡ್ಡು ಬಂದಿಲ್ಲವೆಂದು ಹೆಂಗಸರು ಸಾಲುಗಟ್ಟಿ ನಿಂತಿರುತ್ತಾರೆ. ಅವರನ್ನು ಸಮಾಧಾನ ಮಾಡಿ ಮುಗಿಸುವಷ್ಟರಲ್ಲಿ ಮೊಟ್ಟೆಯ ಲೆಕ್ಕ, ಮಕ್ಕಳ ತೂಕದ ಫೋಟೋ, ನೆಟ್‌ವರ್ಕ್ ಸಿಗದ ಊರಿನಿಂದ ಆ್ಯಪಿಗೆ ಹಾಕಬೇಕಾದ ಹಾಜರಿ. ಮಕ್ಕಳ ರಕ್ಷಣೆಯೆನ್ನುವುದು ಇದೆಲ್ಲ ಆದ ಮೇಲೆ, ಮಿಕ್ಕ ಹೊತ್ತಿನಲ್ಲಿ.

ಅದರದೇ ಯಶೋಗಾಥೆಯೊಂದನ್ನು ಕಳಿಸು, ತರಬೇತಿಯಲ್ಲಿ ಮಾತಾಡಬೇಕು ಎಂದು ಕೇಳಿದ್ದೀಯ. ಇನ್ನು ಸ್ವಲ್ಪ ದಿನಕ್ಕೆ ನೀನೇ ಒಂದು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಮೇಲ್ವಿಚಾರಕಿಯಾಗಿಯೇ ನಿವೃತ್ತಿಯಾಗುವ ಅಮ್ಮನಿಗೆ ಮಗಳೇ ಸಾಹೇಬಳು. ಸಂತೋಷವೇ, ಹೆಮ್ಮೆಯೇ. ನಮ್ಮ ತಾಲ್ಲೂಕಿನದೊಂದು ಯಶೋಗಾಥೆ ಇಲಾಖೆಯ ಈ ಸಲದ ಪುಸ್ತಿಕೆಯಲ್ಲಿ ಅಚ್ಚಾಗಿಯೂ ಇದೆ: ‘ಅಕ್ರಮ ದತ್ತು ತಡೆ, ಮಗುವಿಗೆ ಹೊಸ ಬಾಳು.’ ಕೆಳಗೆ ನನ್ನ ಹೆಸರೂ ಇದೆ. ಅದನ್ನೇ ಫೋಟೋ ತೆಗೆದು ಕಳಿಸಿದ್ದರೆ ನಿನ್ನ ಕೆಲಸ ಮುಗಿಯುತ್ತಿತ್ತು. ಕಳಿಸಲು ಕೈ ಬರಲಿಲ್ಲ. ಅಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ.

ಮುತ್ತಿನಕೊಪ್ಪದ ಕಡೆ ಹೋಗುವಾಗ ರಸ್ತೆಬದಿಗೆ ಒಂದು ಹಿಟ್ಟಿನ ಗಿರಣಿಯಿದೆ. ಅದು ರೇಣುಕಪ್ಪನದು. ಹೆಂಡತಿ ನೀಲಾಂಬಿಕೆ. ಎರಡು ಸಲ ಬಸಿರು ನಿಂತು ಎರಡು ಮಕ್ಕಳೂ ಹುಟ್ಟಿದ ವಾರದೊಳಗೆ ಹೋದವು. ಆಮೇಲೆ ಆಗಲಿಲ್ಲ. ಗಿರಣಿಯ ಹಿಂದೆ ಶುಂಠಿ ಗದ್ದೆ. ಅದಕ್ಕೆ ಹಾವೇರಿ ಕಡೆಯಿಂದ ಕೂಲಿಯವರು ಬಂದು ಶೆಡ್ಡು ಹಾಕಿಕೊಂಡು ಇರುತ್ತಾರೆ. ಫಕ್ಕೀರವ್ವ ಅನ್ನುವವಳು ಅಲ್ಲೇ ಹೆತ್ತಳು. ಗಂಡ ಸತ್ತು ಹೋಗಿದ್ದ, ಊರಲ್ಲಿ ಇನ್ನಿಬ್ಬರು ಮಕ್ಕಳಿದ್ದರು. ಕೆಲಸ ಮುಗಿಸಿ ಹೊರಟಾಗ ಹಸುಗೂಸನ್ನು ನೀಲಾಂಬಿಕೆಯ ಕೈಗೆ ಕೊಟ್ಟು ಹೋದಳು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಊರಿಗೆಲ್ಲ ಗೊತ್ತು, ಅಂಗನವಾಡಿ ಕಾರ್ಯಕರ್ತೆ ಮೇಘನಳಿಗೆ ಗೊತ್ತು, ನನಗೂ ಗೊತ್ತು. ನಮ್ಮ ಕಡೆ ಹೀಗೆ ಸಾಕಿ ಬೆಳೆಸಿದ ಮಕ್ಕಳು ಎಷ್ಟು ಮನೆಯಲ್ಲಿಲ್ಲ ಹೇಳು.

ಮಗುವಿಗೆ ಶಿಲ್ಪಶ್ರೀ ಎಂದು ಹೆಸರಿಟ್ಟರು. ನಾನು ಆ ದಾರಿಯಲ್ಲಿ ಹೋದಾಗೆಲ್ಲ ಗಿರಣಿಯ ಮೆಟ್ಟಿಲ ಮೇಲೆ ಕೂತಿರುತ್ತಿತ್ತು. ತಲೆ, ಹುಬ್ಬು, ರೆಪ್ಪೆ ಎಲ್ಲ ಹಿಟ್ಟು ಮೆತ್ತಿಕೊಂಡು ಪುಟ್ಟ ಮುದುಕಿಯ ಹಾಗೆ. "ಎಂತ ಪುಟ್ಟಿ, ಎಲ್ಲಿ ನಿನ್ನ ಅಮ್ಮ?" ಅಂದರೆ, "ಅಮ್ಮ ರಾಗಿ ಹಾಕ್ತಾ ಉಂಟು, ನೀವು ಲೈನಲ್ಲಿ ನಿಲ್ಲಿ" ಅನ್ನುತ್ತಿತ್ತು. ನನ್ನನ್ನು ಹಾಗೆ ಲೈನಲ್ಲಿ ನಿಲ್ಲಿಸಿದವರು ಆಫೀಸಿನಲ್ಲೂ ಯಾರೂ ಇಲ್ಲ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ದಿನ ರೇಣುಕಪ್ಪ, ನೀಲಾಂಬಿಕೆ ಇಬ್ಬರೂ ಆಫೀಸಿಗೆ ಬಂದರು. ಹೊಸ ಬಟ್ಟೆ, ಕೈಯಲ್ಲಿ ಹಣ್ಣಿನ ತಟ್ಟೆ, ತಟ್ಟೆಯ ಮೇಲೆ ಅರಿಶಿನ ಕುಂಕುಮ ಹಚ್ಚಿದ ಕಾರ್ಡು. ಮಡಿಲು ಶಾಸ್ತ್ರವಂತೆ. ಸಾಕುವ ಮಗುವನ್ನು ಹೆತ್ತವಳೇ ಹತ್ತು ಜನರ ಎದುರು ಸಾಕುವವಳ ಮಡಿಲಿಗೆ ಹಾಕಬೇಕು, ಸಾಕುವವಳು ಹೆತ್ತವಳಿಗೆ ಸೀರೆ ಉಡಿಸಿ ಕಾಯಿ ಕೊಡಬೇಕು. ಅವರ ಮನೆಯಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಎರಡು ಕೂಸು ಕಳಕೊಂಡ ಹೆದರಿಕೆಗೆ, ಇದಕ್ಕೆ ಮೂರು ವರ್ಷ ತುಂಬಲೆಂದು ಕಾದಿದ್ದರು. ಇನ್ನು ಶಾಲೆಗೆ ಹಾಕಬೇಕು, ಆಧಾರ್ ಆಗಬೇಕು, ಅದಕ್ಕೇ ಈಗ. ಫಕ್ಕೀರವ್ವನಿಗೂ ಬರಲು ಹೇಳಿ ಕಳಿಸಿದ್ದರು.

ಕಾರ್ಡು ಬಿಡಿಸಿ ನೋಡಿದೆ. ಶಿಲ್ಪಶ್ರೀ ಎಂಬ ಕೂಸನ್ನು ಸ್ವಂತ ಮಗಳಾಗಿ ಮಡಿಲಿಗೆ ಹಾಕಿಸಿಕೊಳ್ಳುವ ಶುಭ ಸಮಾರಂಭ ಎಂದು ಬಂಗಾರದ ಅಕ್ಷರ. ಅದರ ಕೆಳಗೆ ಮುಖ್ಯ ಅತಿಥಿಗಳು: ಶ್ರೀಮತಿ ರಂಜನಾ, ಮೇಲ್ವಿಚಾರಕಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ.

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. "ಎಂಥ ಕೆಲಸ ಮಾಡಿದ್ರಿ ರೇಣುಕಪ್ಪ, ಇದು ಕಾನೂನಿಗೆ ವಿರುದ್ಧ. ದತ್ತು ಅಂದ್ರೆ ಸರ್ಕಾರದ ಮೂಲಕವೇ ಆಗ್ಬೇಕು. ಈ ಕಾರ್ಡು ಯಾರಿಗೂ ಹಂಚಬೇಡಿ" ಅಂದೆ.

"ಹಂಚಿ ಆಯ್ತಲ್ಲ ಮೇಡಂ" ಅಂದ ಅವನು. "ಪಂಚಾಯ್ತಿಗೆ ಕೊಟ್ಟೆ, ಸ್ಟೇಷನ್ನಿಗೂ ಕೊಟ್ಟೆ. ಕದ್ದು ಮಾಡೋರು ಯಾರಾದ್ರೂ ಕಾರ್ಡು ಹೊಡೆಸ್ತಾರಾ?"

ನೀಲಾಂಬಿಕೆ ಮೆಲ್ಲಗೆ, "ನಿಮ್ಮ ಹೆಸರು ಹಾಕಿದ್ದು ಬೇಜಾರಾಯ್ತಾ ಮೇಡಂ? ಮಕ್ಕಳ ಇಲಾಖೆಯವ್ರು ಬಂದು ನಿಂತ್ರೆ ಮಗೂಗೆ ಒಂದು ಬಲ ಅಂತ ನಾನೇ ಹೇಳಿ ಹಾಕ್ಸಿದ್ದು" ಅಂದಳು.

ಏನು ಹೇಳಲಿ? ನಾನೇ ಊರೂರಿಗೆ ಹೋಗಿ, ಮಕ್ಕಳ ವಿಷಯ ಮುಚ್ಚಿಡಬೇಡಿ, ಏನಿದ್ದರೂ ನಮಗೆ ತಿಳಿಸಿ ಎಂದು ಮೈಕಿನಲ್ಲಿ ಹೇಳಿಕೊಂಡು ಬಂದವಳು. ಅವರು ತಿಳಿಸಿದರು, ಅಷ್ಟೇ. ಶಾಸ್ತ್ರ ಮುಂದಕ್ಕೆ ಹಾಕಿ, ಮೊದಲು ಜಿಲ್ಲೆಯಲ್ಲಿ ಕೇಳೋಣ ಎಂದೆ. ಸಾಮಾನು ತಂದಾಗಿದೆ, ನೆಂಟರು ಹೊರಟಾಗಿದೆ ಅಂದರು. ನಾನು ಸಮಾರಂಭಕ್ಕೆ ಹೋಗಲಿಲ್ಲ.

ಮೊಬೈಲು ಇರುವಾಗ ನಾನು ಹೋದರೇನು ಬಿಟ್ಟರೇನು? ಸಂಜೆಯೊಳಗೆ ಕಾರ್ಡೂ, ಫಕ್ಕೀರವ್ವನಿಗೆ ಸೀರೆ ಉಡಿಸುವ ಫೋಟೋವೂ ತಾಲ್ಲೂಕಿನ ಗ್ರೂಪುಗಳಲ್ಲೆಲ್ಲ ತಿರುಗಿದವು. ಯಾರೋ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು. ಹೊಟ್ಟೆಕಿಚ್ಚಿಗೋ, ನಿಜವಾದ ಕಾಳಜಿಗೋ, ನನಗೆ ಗೊತ್ತಿಲ್ಲ. ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಿಂದ ಸುಂದರೇಶ್ ಬಂದರು. ಒಳ್ಳೆಯ ಮನುಷ್ಯ. ಮೂವರು ಮಾಡುವ ಕೆಲಸ ಒಬ್ಬರೇ ಮಾಡಿ ಕಣ್ಣಿನ ಸುತ್ತ ಕಪ್ಪಾಗಿದೆ. ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, "ನಾನು ನೋಡಿಲ್ಲ ಅಂತ ಹ್ಯಾಗೆ ಹೇಳಲಿ ಮೇಡಂ? ನಿಮ್ಮ ಹೆಸರೇ ಇದೆ. ಸೀರೆ ಬೇರೆ ಕೊಟ್ಟಿದಾರೆ. ಮಗುವಿನ ಬದಲಿಗೆ ಏನು ಕೊಟ್ರೂ ಅದು ಮಾರಾಟ ಅಂತ ಯಾರಾದ್ರೂ ಹಿಡಕೊಂಡ್ರೆ ಕೊಟ್ಟವಳು, ತಗೊಂಡವರು ಮೂವರ ಮೇಲೂ ಕೇಸು" ಅಂದರು. ಶಾಸ್ತ್ರದ ಸೀರೆ ಸ್ವಾಮಿ, ಇನ್ನೂರು ಜನರ ಎದುರು ಉಡಿಸಿದ್ದು ಎಂದೆ. "ನನಗೆ ಗೊತ್ತು ಮೇಡಂ, ಕಾಯ್ದೆಗೆ ಗೊತ್ತಿಲ್ವಲ್ಲ" ಅಂದರು.

ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ತೀರ್ಮಾನ ಆಗುವ ತನಕ ಅದು ಜಿಲ್ಲೆಯ ದತ್ತು ಕೇಂದ್ರದಲ್ಲಿರಬೇಕು ಎಂದಾಯಿತು. ಕರೆದುಕೊಂಡು ಬರಲು ನಾನೇ ಹೋದೆ. ಪೊಲೀಸರು ಹೋಗುವುದಕ್ಕಿಂತ ಅದು ವಾಸಿ ಎಂದುಕೊಂಡೆ. ನೀಲಾಂಬಿಕೆ ಜಗಳವಾಡಲಿಲ್ಲ ಕೂಸೇ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮಗುವಿನ ಮುಖ ತೊಳೆದು, ತಲೆ ಬಾಚಿ, ಬಟ್ಟೆ ಮಡಚಿ ಚೀಲಕ್ಕೆ ಹಾಕುತ್ತಾ ನನಗೆ ಹೇಳುತ್ತಿದ್ದಳು: "ಹಾಲಿಗೆ ಸಕ್ಕರೆ ಹಾಕಿದ್ರೆ ಕುಡಿಯಲ್ಲ ಮೇಡಂ, ಬೆಲ್ಲ ಹಾಕ್ಬೇಕು. ಮಲಗುವಾಗ ಕಿವಿ ಹಿಡ್ಕೊಳ್ಳುತ್ತೆ, ಹಿಡ್ಕೊಳ್ಳಕ್ಕೆ ಬಿಡಿ ಅಂತ ಅಲ್ಲಿಯವ್ರಿಗೆ ಹೇಳಿ. ಬೈಯಬಾರ್ದು ಅಂತಾನೂ ಹೇಳಿ." ರೇಣುಕಪ್ಪ ಗಿರಣಿ ನಿಲ್ಲಿಸದೆ ಒಳಗೇ ಇದ್ದ. ಜೀಪು ಹತ್ತುವಾಗ ಮಗು ಖುಷಿಯಾಗಿಯೇ ಇತ್ತು, ಜೀಪಿನಲ್ಲಿ ಮುಂದೆ ಕೂರಿಸಿದ್ದೆ. ಬಾಳೆಹೊನ್ನೂರು ದಾಟಿದ ಮೇಲೆ ಅಮ್ಮ ಹಿಂದಿನ ಬಸ್ಸಿಗೆ ಬತ್ತದಾ ಎಂದು ಕೇಳಿತು. ಆಮೇಲಿನದನ್ನು ಬರೆಯಲಾರೆ.

ಸಮಿತಿಯ ಮುಂದೆ ಫಕ್ಕೀರವ್ವ ಬಂದಳು, ಅದೇ ಶಾಸ್ತ್ರದ ಸೀರೆ ಉಟ್ಟುಕೊಂಡು. ಅವಳ ಹತ್ತಿರ ಇದ್ದ ಒಳ್ಳೆಯ ಸೀರೆ ಅದೊಂದೇ. ಮಗುವನ್ನು ನೀನೇ ಕರೆದುಕೊಂಡು ಹೋಗುತ್ತೀಯಾ, ಇಲ್ಲ ಸರ್ಕಾರಕ್ಕೆ ಒಪ್ಪಿಸುತ್ತೀಯಾ ಎಂದು ಕೇಳಿದರು. ಅವರು ಮೆತ್ತಗೇ ಕೇಳಿದರು, ಸುಳ್ಳು ಹೇಳಬಾರದು.

"ಆಕೀನ್ನ ನಾ ನೀಲವ್ವಗ ಕೊಟ್ಟೇನ್ರಿ" ಅಂದಳು ಫಕ್ಕೀರವ್ವ. "ಒಮ್ಮೆ ಕೊಟ್ಟ ಕೂಸನ್ನ ಮತ್ತ ನಿಮಗ ಹೆಂಗ ಕೊಡ್ಲಿ? ಅದು ಈಗ ನಂದಲ್ರೀ. ಆಕೀನ್ನ ಕೇಳ್ರಿ."

ಆದರೆ ನೀಲಾಂಬಿಕೆಯನ್ನು ಕೇಳಲು ಕಾಯ್ದೆಯಲ್ಲಿ ಜಾಗವಿರಲಿಲ್ಲ. ಫಕ್ಕೀರವ್ವನೇ ಕರೆದುಕೊಂಡು ಹೋದರೆ ಮತ್ತೆ ತಂದು ಇಲ್ಲಿಗೇ ಕೊಡುತ್ತಾಳೆಂದು ಎಲ್ಲರಿಗೂ ಗೊತ್ತು. ಹಾಗೇನಾದರೂ ಆದರೆ ಕೇಸು ಖಂಡಿತ ಎಂದರು. ಸಾಕಲು ಅವಳಿಗೆ ಆಗುವುದೂ ಇಲ್ಲ. ಕೊನೆಗೆ ರೇಣುಕಪ್ಪನೇ ಅವಳನ್ನು ಹೊರಗೆ ಕರೆದು, ಒಪ್ಪಿಸಿಬಿಡು ತಾಯಿ, ನಾವು ಅರ್ಜಿ ಹಾಕಿ ತಗೊಳ್ತೀವಿ, ಸರ್ಕಾರದ ಮೂಲಕವೇ ಆಗಲಿ ಎಂದ. ಅವಳು ಹೆಬ್ಬೆಟ್ಟು ಒತ್ತಿದಳು.

ಅರ್ಜಿ ಹಾಕಲು ಕೂತಾಗ ಗೊತ್ತಾಯಿತು. ಇಷ್ಟು ಚಿಕ್ಕ ಮಗುವನ್ನು ದತ್ತು ಪಡೆಯಲು ಗಂಡಹೆಂಡಿರ ಇಬ್ಬರ ವಯಸ್ಸು ಕೂಡಿಸಿ ನೋಡುತ್ತಾರೆ, ಇವರದು ಮಿತಿ ದಾಟಿತ್ತು. ಇದೇ ಮಗು ಸ್ವಲ್ಪ ದೊಡ್ಡದಾಗಿದ್ದರೆ ಸರಿಹೋಗುತ್ತಿತ್ತು. ಆದರೂ ಇದೇ ಮಗು ಬೇಕೆಂದು ಕೇಳುವ ಹಾಗಿಲ್ಲ, ಸರದಿಯಲ್ಲಿ ನಿಲ್ಲಬೇಕು. ದತ್ತು ಬೇಡ, ಪೋಷಕ ಕುಟುಂಬವಾಗಿಯಾದರೂ ಇಟ್ಟುಕೊಳ್ಳಲಿ ಎಂದು ಸುಂದರೇಶ್ ಆ ನಿಯಮ ಹುಡುಕಿದರು. ಅದಕ್ಕೆ ಮಗುವಿಗೆ ಆರು ವರ್ಷವಾಗಿರಬೇಕು. ಒಂದಕ್ಕೆ ಇವರು ಮುದುಕರು, ಇನ್ನೊಂದಕ್ಕೆ ಅದು ಎಳಸು. ವಿಶೇಷ ಪ್ರಕರಣವೆಂದು ನಾನೂ ಸುಂದರೇಶರೂ ಮೇಲಿನವರಿಗೆ ಬರೆದೆವು, ನೆನಪೋಲೆ ಬರೆದೆವು, ಹೋಗಿ ನಿಂತೆವು. ಯಾರೂ ಆಗುವುದಿಲ್ಲ ಎಂದು ಗದರಲಿಲ್ಲ. ಎಲ್ಲರೂ ಕುಳ್ಳಿರಿಸಿ ಚಹಾ ಕೊಟ್ಟು, ಅಯ್ಯೋ ಪಾಪ ಎಂದು, ಒಂದು ಮಗುವಿಗೆ ನಿಯಮ ಸಡಿಲಿಸಿದರೆ ನಾಳೆ ಮಾರುವವರೂ ಕಾರ್ಡು ಹೊಡೆಸಿಕೊಂಡು ಬರುತ್ತಾರೆ ಎಂದರು.

ಅಷ್ಟು ಹೊತ್ತಿಗೆ ನೀಲಾಂಬಿಕೆ ಪ್ರತಿ ಸೋಮವಾರ ಆಫೀಸಿಗೆ ಬರತೊಡಗಿದಳು. ಮೊದಮೊದಲು ಕೇಂದ್ರಕ್ಕೆ ಹೋಗಿ ದೂರದಿಂದ ನೋಡಿಕೊಂಡು ಬರುತ್ತಿದ್ದಳು. ಮಗು ಹೊಂದಿಕೊಳ್ಳಬೇಕು, ಬಂದುಹೋಗುವುದು ಒಳ್ಳೆಯದಲ್ಲ ಎಂದು ಕೇಂದ್ರದವರು ಹೇಳಿದ ಮೇಲೆ ಅದೂ ನಿಂತಿತು. ನನ್ನ ಮೇಜಿನ ಎದುರು ಕೂತು, "ಊಟ ಸರಿ ಮಾಡುತ್ತಾ ಮೇಡಂ? ಜ್ವರ ಗಿರ ಬಂದಿತ್ತಾ?" ಎಂದು ಕೇಳುವಳು. ನಾನು ಸುಂದರೇಶರಿಗೆ ಫೋನು ಮಾಡಿ ಕೇಳಿ ಹೇಳುತ್ತಿದ್ದೆ. ಚೆನ್ನಾಗಿದೆಯಂತೆ, ತೂಕ ಏರಿದೆಯಂತೆ. ಅಮ್ಮಾ ಎಂದು ಕರೆಯುವುದನ್ನು ಬಿಟ್ಟಿದೆಯಂತೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಮಗುವನ್ನು ಬೇರೆ ಜಿಲ್ಲೆಯ ದಂಪತಿಗೆ ಕೊಟ್ಟರು. ಆ ದಿನ ನನ್ನನ್ನೂ ಕರೆದಿದ್ದರು. ಒಳ್ಳೆಯವರು ಶ್ರಾವ್ಯಾ, ಅದೇ ನನ್ನ ಕಷ್ಟ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಎಷ್ಟೋ ವರ್ಷ ಸರದಿಯಲ್ಲಿ ಕಾದವರು, ಆ ಹೆಂಗಸು ಮಗುವನ್ನು ಮುಟ್ಟಲೂ ಹೆದರಿ ಹೆದರಿ ಅಳುತ್ತಿದ್ದಳು. ರಾತ್ರಿ ಹೇಗೆ ಮಲಗುತ್ತೆ, ಏನು ಇಷ್ಟ ಎಂದು ನನ್ನನ್ನು ಕೇಳಿದಳು. ಬೆಲ್ಲದ ವಿಷಯ ಹೇಳಿದೆ. ಕಿವಿಯ ವಿಷಯ ಬಾಯಿಗೆ ಬರಲಿಲ್ಲ. ಹೇಳಬೇಕಿತ್ತು ಮಗುವಿನ ಸಲುವಾಗಿಯಾದರೂ, ಆಗಲಿಲ್ಲ. ಅವರ ಊರು ಯಾವುದೆಂದು ಯಾರಿಗೂ ತಿಳಿಸುವ ಹಾಗಿಲ್ಲ, ನಿನಗೂ ಬರೆಯುವುದಿಲ್ಲ.

ಗಿರಣಿಗೆ ಹೋಗಿ ಹೇಳಿದೆ. ರೇಣುಕಪ್ಪ ಗಿರಣಿ ನಿಲ್ಲಿಸಿದ. "ಆಯ್ತು ಮೇಡಂ, ಸರ್ಕಾರ ಹೇಳಿದ ಮೇಲೆ ಆಯ್ತು" ಅಂದ. ನೀಲಾಂಬಿಕೆ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಮರು ಸೋಮವಾರ ಆಫೀಸಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ಅದಾಗಿ ಹದಿನೈದು ದಿನಕ್ಕೆ ಪುಸ್ತಿಕೆ ಬಂತು, ಸಭೆಯಲ್ಲಿ ಶಾಲು ಹೊದಿಸಿದರು. ಶಾಲು ಬೀರುವಿನಲ್ಲಿದೆ, ಅಪ್ಪನಿಗೂ ತೋರಿಸಿಲ್ಲ.

ನಿಯಮ ತಪ್ಪು ಎಂದು ನಾನು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಕೆಲಸಕ್ಕೆಂದು ಕರೆದುಕೊಂಡು ಹೋದ ಹೆಣ್ಣುಮಕ್ಕಳು ಎಲ್ಲಿಗೆ ಹೋದರೆಂದು ಗೊತ್ತಾಗದೆ, ತಾಯಂದಿರು ನಮ್ಮ ಬಾಗಿಲಲ್ಲಿ ಕೂತಿದ್ದನ್ನೂ ನೋಡಿದ್ದೇನೆ. ಇದೇ ಕಾಯ್ದೆ ಹಿಡಿದುಕೊಂಡು ಒಂದಿಬ್ಬರನ್ನು ವಾಪಸು ತಂದಿದ್ದೇವೆ. ಅಂಥವರಿಗಾಗಿ ಹಾಕಿದ ಬೇಲಿ ಇದು, ಬೇಕೇಬೇಕು. ನನಗೆ ತಿಳಿಯದೇ ಇರುವುದು, ಬೇಲಿಯ ಒಳಗೇ ಇದ್ದ ಮಗುವನ್ನು ನಾವು ಹೊರಗೆ ತೆಗೆದು ಇನ್ನೊಂದು ಕಡೆಯಿಂದ ಯಾಕೆ ಒಳಗೆ ಬಿಟ್ಟೆವು ಎಂಬುದು. ನಿನಗೆ ತರಬೇತಿಯಲ್ಲಿ ಯಾರಾದರೂ ಹೇಳಿಕೊಟ್ಟರೆ ನನಗೂ ಬರೆ. ತಮಾಷೆಗೆ ಬರೆಯುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಇದನ್ನು ಅಲ್ಲಿ ಹೇಳುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು. ಬೇಕಾದರೆ ಪುಸ್ತಿಕೆಯದನ್ನೇ ಓದು, ಚಪ್ಪಾಳೆಯಾದರೂ ಸಿಗುತ್ತದೆ. ಹೊತ್ತುಹೊತ್ತಿಗೆ ಊಟ ಮಾಡು. ಮಜ್ಜಿಗೆ ಮೆಣಸು, ಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದೇನೆ, ಯಾರಾದರೂ ಆ ಕಡೆ ಬರುವವರಿದ್ದರೆ ಕಳಿಸುತ್ತೇನೆ. ಶೃಂಗೇರಿ ಅಮ್ಮನವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನೀನು ಕೂರುವ ಕುರ್ಚಿಯಲ್ಲಿ ನಿನ್ನ ಮನಸ್ಸು ಗಟ್ಟಿಯಾಗಿರಲಿ, ಆದರೆ ಕಲ್ಲಾಗದಿರಲಿ ಮಗಳೇ.

ಇಂತಿ ನಿನ್ನ ಅಮ್ಮ,
ರಂಜನಾ

ಮರೆತ ಮಾತು: ಮರೆತದ್ದಲ್ಲ, ಬರೆಯಬೇಕೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ. ಈ ಸಲವೂ ಶುಂಠಿ ಕೀಳಲು ಹಾವೇರಿ ಕಡೆಯವರು ಬಂದಿದ್ದಾರೆ. ಅವರಲ್ಲಿ ತುಂಬು ಬಸುರಿ ಹುಡುಗಿಯೊಬ್ಬಳಿದ್ದಳು, ಹದಿನೆಂಟೂ ತುಂಬಿರಲಿಕ್ಕಿಲ್ಲ. ಮೇಘನಳ ಅಂಗನವಾಡಿಗೆ ನಾನು ಹೋದಾಗ ನನ್ನೆದುರೇ ಮೊಟ್ಟೆ ತಿಂದಿದ್ದಾಳೆ. ಮೊನ್ನೆ ಹೋದರೆ ಹೊಟ್ಟೆ ಇಳಿದಿದೆ, ಮಗು ಇಲ್ಲ. ಯಾವ ಆಸ್ಪತ್ರೆಗೂ ಹೋದದ್ದಿಲ್ಲ. ಅವಳನ್ನು ಕೇಳಿದರೆ ತಲೆ ಎತ್ತುವುದಿಲ್ಲ. ಶೆಡ್ಡಿನವರು ನಮಗೆ ಗೊತ್ತಿಲ್ಲ ಅಂದರು. ಮೇಘನ, "ಅವಳು ಬಸುರಿ ಅಂತ ನನಗೆ ನೆನಪೇ ಇಲ್ಲ ಮೇಡಂ" ಎಂದು ಗೋಡೆ ನೋಡಿಕೊಂಡು ಹೇಳಿದಳು. ಊರಿಡೀ ಸುತ್ತಿದೆ, ಒಂದು ಮನೆಯಲ್ಲೂ ಬಾಯಿ ಬಿಡಲಿಲ್ಲ. ಆ ಮಗು ಯಾರದೋ ಮಡಿಲಲ್ಲಿ ಬೆಚ್ಚಗಿದೆಯೋ, ಯಾರೋ ಕೊಂಡು ಹೋದರೋ, ಜೀವವೇ ಇಲ್ಲವೋ, ನನಗೆ ತಿಳಿಯುತ್ತಿಲ್ಲ. ವರದಿ ಬರೆದರೆ ಪೊಲೀಸರು ಮೊದಲು ಆ ಹುಡುಗಿಯನ್ನೇ ಹಿಡಿಯುತ್ತಾರೆ. ಬರೆಯದಿದ್ದರೆ ಆ ಕೂಸನ್ನು ಹುಡುಕುವವರು ಯಾರೂ ಇಲ್ಲ.

ಕಡೆಗೆ ಗಿರಣಿಗೆ ಹೋದೆ. ಶೆಡ್ಡಿನ ಹೆಂಗಸರೆಲ್ಲ ಹಿಟ್ಟಿಗೆ ಅಲ್ಲಿಗೇ ಬರುತ್ತಾರೆ, ನೀಲಾಂಬಿಕೆಗೆ ಗೊತ್ತಿಲ್ಲದೆ ಇರುವುದಿಲ್ಲ. "ನೀಲಾಂಬಿಕೆ, ನಿನ್ನ ಕಾಲಿಗೆ ಬೀಳ್ತೇನೆ, ಜೀವ ಇದೆಯಾ ಅಷ್ಟು ಹೇಳು, ಬೇರೆ ಏನೂ ಕೇಳಲ್ಲ" ಅಂದೆ. ಮಗುವಿನ ವಿಷಯಕ್ಕೆ ಕಾರ್ಡು ಅಚ್ಚು ಹಾಕಿಸಿ ಸ್ಟೇಷನ್ನಿಗೂ ಕೊಡಿಸಿದ್ದ ಹೆಂಗಸು, ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಕೇಳಿದಳು: "ಯಾವ ಮಗು ಮೇಡಂ?"